ಮುಧೋಳದ ನಾಯಿಯ ಹಿಂಗಾಲು ಕೊನೆಗೂ ಉಳಿಯಿತು

ಕರ್ನಾಟಕದ ಬೇಟೆನಾಯಿಗಳನ್ನು ಮರದಲ್ಲಿ ಕೆತ್ತುವ ನನ್ನ ಸರಣಿಯನ್ನು ಮುಂದೆ ಸಾಗಗೊಡದೆ ಸತಾಯಿಸುತ್ತಿದ್ದ ಮುಧೋಳದ ನಾಯಿಯ ಹಿಂಗಾಲು ಈಗ ಮುರಿಯದೆ ಉಳಿದಿದೆ. ನಾಯಿಯನ್ನು ನಿಲ್ಲಿಸುವ ಹಟ ಬಿಟ್ಟು ಓಡಿಸಿದ್ದೇ ಅದಕ್ಕೆ ಕಾರಣ. ನಕ್ಷೆ ಇಳಿಸುವುದು, ಒರಟು ಆಕಾರ ತೆಗೆಯುವುದು ಎಲ್ಲರಿಗೂ ಗೊತ್ತಿರುವುದರಿಂದ ನೇರವಾಗಿ ಕಾಲಿಗೇ ಬರುತ್ತೇನೆ.

ಶಿವನೆ ಮರದ ನಾರು ದೇಹದ ಉದ್ದಕ್ಕೆ ಬರುವಂತಿಟ್ಟರೆ ಮೂತಿ, ಸೊಂಟ, ಬಾಲ ಗಟ್ಟಿಯಾಗುತ್ತವೆ. ಆದರೆ ನೆಟ್ಟಗೆ ಇಳಿಯುವ ಕಾಲುಗಳಲ್ಲಿ ನಾರು ಅಡ್ಡವಾಗಿ, ಅವು ಪೆನ್ಸಿಲಿನಷ್ಟು ತೆಳುವಾಗುವ ಹೊತ್ತಿಗೆ ಉಪ್ಪುಕಾಗದ ಉಜ್ಜಿದರೂ ಪಟ್ಟನೆ ಮುರಿಯುತ್ತವೆ. ನಾರನ್ನು ಮೇಲಿನಿಂದ ಕೆಳಕ್ಕೆ ತಿರುಗಿಸಿದರೆ ಕಾಲು ಉಳಿದು ಸೊಂಟ ಹೋಗುತ್ತದೆ. ಆಳವಾದ ಎದೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ ಈ ತಳಿಯ ಗುರುತಾದ್ದರಿಂದ ಸೊಂಟವನ್ನು ದಪ್ಪ ಬಿಡುವಂತೆಯೂ ಇಲ್ಲ. ಸರಿಯಾಗಿ ಕೆತ್ತಿದರೆ ಅಡಿಕೆ ಸುಲಿಯಲು ಬಂದವರು, “ಎಂತ ಮಾರಾಯ್ರೆ, ಈ ನಾಯಿಗೆ ಅನ್ನ ಹಾಕೋದಿಲ್ವಾ?” ಎಂದು ಕೇಳುತ್ತಾರೆ.

ಮರದ ಕಥೆಯಂತೂ ಬೇರೆಯೇ. ಚೆನ್ನಾಗಿ ಒಣಗಿದೆಯೆಂದು ಆಣೆ ಮಾಡಿ ಕೊಟ್ಟ ಹಲಗೆಗೆ ಉಳಿ ಇಟ್ಟರೆ ಚಕ್ಕೆಗಳು ಬೆರಳಿಗೆ ತಣ್ಣಗೆ ಅಂಟುತ್ತಿದ್ದವು. ಸಾಗರದ ಮಳೆಗಾಲದಲ್ಲಿ ಒಣಮರ ಮಾರುತ್ತೇನೆನ್ನುವವರ ಧೈರ್ಯವನ್ನು ಮೆಚ್ಚಲೇಬೇಕು. ಆ ಹಲಗೆ ಈಗ ನಮ್ಮ ಅಟ್ಟದಲ್ಲಿ ಒಲೆಯ ಹೊಗೆ ಕುಡಿಯುತ್ತಿದೆ.

ಪರಿಹಾರ ಸಿಕ್ಕಿದ್ದು ತಳಿಯ ಮೂಲವನ್ನು ಓದುವಾಗ. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಸಲೂಕಿ, ತಾಜಿಗಳಂಥ ನಾಯಿಗಳು ವರ್ತಕರ ಮತ್ತು ಸೈನ್ಯಗಳ ಜೊತೆ ದಖ್ಖನಿಗೆ ಬಂದು ಇಲ್ಲಿಯ ನಾಯಿಗಳೊಡನೆ ಬೆರೆತವೆಂಬುದು ಈ ತಳಿಯ ಬಗೆಗಿನ ಸಾಮಾನ್ಯ ಅಭಿಪ್ರಾಯ. ವಾಸನೆ ಹಿಡಿದಲ್ಲ, ಕಣ್ಣಿಟ್ಟು ಅಟ್ಟಿ ಬೇಟೆಯಾಡುವ ಇಂಥ ನಾಯಿಗಳು ಪೂರ್ಣ ವೇಗದಲ್ಲಿ ಓಡುವಾಗ ಪ್ರತಿ ನೆಗೆತಕ್ಕೆ ಎರಡು ಸಲ ನಾಲ್ಕೂ ಕಾಲುಗಳು ನೆಲ ಬಿಡುತ್ತವೆ: ಒಮ್ಮೆ ಹೊಟ್ಟೆಯಡಿ ಮಡಚಿಕೊಂಡು, ಇನ್ನೊಮ್ಮೆ ಹಿಂದೆ ಮುಂದೆ ಪೂರ್ತಿ ಚಾಚಿಕೊಂಡು. ಚಾಚಿದ ಭಂಗಿಯಲ್ಲಿ ಕಾಲುಗಳೂ ಬೆನ್ನಿನ ಜಾಡಿನಲ್ಲೇ, ಅಂದರೆ ನಾರಿನ ಜಾಡಿನಲ್ಲೇ ಇರುತ್ತವೆ. ಎದೆಯ ಕೆಳಗೊಂದು ಹಿತ್ತಾಳೆ ಸರಳು ಕೊಟ್ಟರೆ ಭಾರಕ್ಕೆ ಸಾಕು.

ಈ ಬೊಂಬೆಯ ಪಕ್ಕದಲ್ಲಿ ಆತಕೂರಿನ ವೀರಗಲ್ಲಿನ ಶಾಸನದಲ್ಲಿ ಬರುವ ಕಾಳಿಯೆಂಬ ನಾಯಿಯನ್ನು ಮುಧೋಳದ ನಾಯಿಯ ಮೂಲಪುರುಷನಂತೆ ಇಡಬೇಕೆಂಬ ಸಲಹೆ ಹಲವರಿಂದ ಬಂದಿದೆ. ಅದು ನನಗೆ ಒಪ್ಪಿಗೆಯಿಲ್ಲ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಕಾಲಕ್ಕೆ ಸೇರಿದ, ಶಕ 872ರ (ಕ್ರಿ.ಶ. 949-50) ಆ ಶಾಸನದಲ್ಲಿರುವುದು ಗಂಗರ ದೊರೆ ಬೂತುಗನ ಕಡೆಯ ಮಣಲರನು ಬಹುಮಾನವಾಗಿ ಕೇಳಿ ಪಡೆದ ಬೇಟೆನಾಯಿ. ಅದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ಅಂಥ ಶಿಲ್ಪ ನೋಡಿ ಇಂದಿನ ತಳಿಯ ಹೆಸರು ಹೇಳುವುದು ಅತಿಯಾಯಿತು. ಮುಧೋಳದ ಹೆಸರಿನ ತಳಿ ಬಹುಮಟ್ಟಿಗೆ 20ನೆಯ ಶತಮಾನದ ಆರಂಭದಲ್ಲಿ ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರ ಆಸ್ಥೆಯಿಂದ ನೆಲೆಗೊಂಡದ್ದು. ಅವರು 5ನೆಯ ಜಾರ್ಜ್ ದೊರೆಗೆ ಜೋಡಿ ನಾಯಿಗಳನ್ನು ಕೊಟ್ಟ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಈಗಲೂ ಕ್ಯಾರವಾನ್ ಹೌಂಡ್ ಎಂದೇ ನೋಂದಾಯಿಸಿದರೂ 2005ರ ಅಂಚೆಚೀಟಿಯಲ್ಲಿ ಮುಧೋಳದ ಹೆಸರೇ ಇದೆ. ನನ್ನ ಪೀಠದ ಮೇಲೂ ಅದೇ ಇರುತ್ತದೆ.

ಕಾಳಿಯನ್ನು ಬಿಡುವುದಿಲ್ಲ; ಅದನ್ನು ಬೇರೆಯಾಗಿ, ಉಬ್ಬುಶಿಲ್ಪವಾಗಿ ಕೆತ್ತುತ್ತೇನೆ. ಅಲ್ಲಿ ಹಿನ್ನೆಲೆಯ ಮರವೇ ಕಾಲುಗಳನ್ನು ಹಿಡಿದುಕೊಳ್ಳುವುದರಿಂದ ಕಷ್ಟವೆಲ್ಲ ಹಂದಿಯ ಕತ್ತು ಮತ್ತು ನಾಯಿಯ ದವಡೆ ಸೇರುವ ಜಾಗದ್ದು. ಎರಡರಲ್ಲಿ ಯಾವುದು ಮೇಲೆ ಬರಬೇಕೆಂದು ತೀರ್ಮಾನಿಸಲು ಮೊದಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿರುವ ಮೂಲ ಕಲ್ಲನ್ನು ಪಕ್ಕದಿಂದ ನೋಡಬೇಕು, ಎದುರಿನಿಂದ ತೆಗೆದ ಫೋಟೋಗಳಲ್ಲಿ ಉಬ್ಬಿನ ಆಳ ತಿಳಿಯುವುದಿಲ್ಲ.