ಗಿಡ್ಡ ದನದ ಮಾದರಿಯಲ್ಲಿ ಒಂದೇ ಶಿಖರ ಬಂದರೆ

ಬದಿಯಡ್ಕ ಕಡೆಯ ಹಟ್ಟಿಗಳಿಗೆ ತಳಿಯ ವೈವಿಧ್ಯ ಅಳೆಯುವ ರಕ್ತದ ಮಾದರಿಗೆಂದು ಹೋಗುವುದಾದರೆ ಬೆಳಿಗ್ಗೆಯೇ ಹೋಗಬೇಕು. ಕಾಸರಗೋಡು ಗಿಡ್ಡ ಎಂಬ ಸಣ್ಣ ತಳಿಯ ಈ ದನಗಳನ್ನು ಒಮ್ಮೆ ಗುಡ್ಡಕ್ಕೆ ಬಿಟ್ಟರೆ ಸಂಜೆಯವರೆಗೆ ಕೈಗೆ ಸಿಗುವುದಿಲ್ಲ. ಸೂಜಿ ತೆಗೆಯುವ ಮೊದಲು ಕೇಳಲೇಬೇಕಾದದ್ದು: "ಅಕ್ಕಾ, ಇದರಲ್ಲಿ ತಾಯಿ-ಮಗಳು ಯಾವುದು? ಒಂದೇ ಹೋರಿಯ ಕರುಗಳು ಯಾವುವು?" ನೆಂಟರೇ ಪಟ್ಟಿ ತುಂಬಿದರೆ ತಳಿಯ ವೈವಿಧ್ಯ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಕುತ್ತಿಗೆಯ ನಾಳದಿಂದ 5 ಮಿ.ಲೀ. ರಕ್ತ ಸಾಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ಮಗುಚಬೇಕು, ಕುಲುಕಬಾರದು. ಹೆಪಾರಿನ್ ಟ್ಯೂಬ್ ಬೇಡವೇ ಬೇಡ, ಅದು ಮುಂದೆ ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್‌ಗೆ ಅಡ್ಡಿ.

ನಾವು ಹುಡುಕುವುದು ಮೈಕ್ರೋಸ್ಯಾಟಲೈಟ್‌ಗಳನ್ನು: 'ಸಿಎ ಸಿಎ ಸಿಎ' ಎಂದು ಒಂದೇ ಸಮನೆ ಮರುಕಳಿಸುವ ಡಿಎನ್‌ಎ ತುಣುಕುಗಳು. ಎಷ್ಟು ಸಲ ಮರುಕಳಿಸುತ್ತದೆ ಎನ್ನುವುದು ದನದಿಂದ ದನಕ್ಕೆ ಬೇರೆ. ದನಗಳ ವೈವಿಧ್ಯ ಅಳೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಇಂಥ 30 ಗುರುತುಗಳನ್ನು ಸೂಚಿಸಿದೆ. ಇಟಿಎಚ್10, ಬಿಎಂ2113 ಅವುಗಳಲ್ಲಿ ಸೇರಿವೆ.

ಕಷ್ಟ ಇರುವುದು ಓದುವಲ್ಲಿ. ಯಂತ್ರ ತೋರಿಸುವುದು ಶಿಖರಗಳನ್ನು, ತುಣುಕು ಉದ್ದವಾದಷ್ಟೂ ಶಿಖರ ಬಲಕ್ಕೆ. ಪ್ರತಿ ಮಾಡುವಾಗ ಪಾಲಿಮರೇಸ್ ಎಂಬ ಕಿಣ್ವ ಜಾರುವುದರಿಂದ ನಿಜವಾದ ಶಿಖರದ ಎಡಕ್ಕೆ, ಎರಡು ಬೇಸ್ (ಡಿಎನ್‌ಎ ಅಕ್ಷರ) ಕಡಿಮೆ ಉದ್ದದಲ್ಲಿ, ಗಿಡ್ಡನೆಯ ಸುಳ್ಳು ಶಿಖರ ಏಳುತ್ತದೆ. ಎಡದ್ದು ಬಲದ್ದಕ್ಕಿಂತ ಎತ್ತರವಿದ್ದರೆ ಮಾತ್ರ ಅಲ್ಲಿ ಎರಡು ಬೇರೆ ಆಲೀಲ್ (ತಾಯಿಯಿಂದ ಒಂದು, ತಂದೆಯಿಂದ ಒಂದು ಬರುವ ರೂಪ) ಇರುವ ಸಾಧ್ಯತೆ ಹೆಚ್ಚು, ಏಕೆಂದರೆ ಉದ್ದದ ಆಲೀಲಿನ ಜಾರುವಿಕೆಯೂ ಅದರ ಮೇಲೆಯೇ ಬಂದು ಕೂರುತ್ತದೆ.

ಇದಕ್ಕಿಂತ ಅಪಾಯದ್ದು ಒಂದೇ ಶಿಖರ. ಈ ಗುರುತುಗಳ ಹೆಚ್ಚಿನ ಪ್ರೈಮರ್‌ಗಳನ್ನು (ಪ್ರತಿ ಶುರುವಾಗಲು ಡಿಎನ್‌ಎ ಮೇಲೆ ಕೂರುವ ಚಿಕ್ಕ ತುಣುಕುಗಳನ್ನು) ರೂಪಿಸಿದ್ದು ಯುರೋಪಿನ ದನಗಳ ಡಿಎನ್‌ಎ ನೋಡಿ. ನಮ್ಮ ಡುಬ್ಬದ ದನದಲ್ಲಿ ಪ್ರೈಮರ್ ಕೂರುವ ಜಾಗದಲ್ಲೇ ಒಂದು ಅಕ್ಷರ ಬೇರೆಯಿದ್ದರೆ ಆ ಆಲೀಲಿನ ಪ್ರತಿ ಬೆಳೆಯದೇ ಹೋಗಬಹುದು. ಉಳಿದ ಒಂದನ್ನೇ ಕಂಡು, ಎರಡೂ ಆಲೀಲ್ ಒಂದೇ ಎಂದುಕೊಂಡು 'ಒಳಸಂತಾನ (ನೆಂಟರೊಳಗಿನ ಕೂಡಿಕೆ) ಹೆಚ್ಚಾಗಿದೆ' ಎಂದು ಬರೆದುಬಿಟ್ಟರೆ, ಬೇಡದ ಹೋರಿ ಬದಲಾವಣೆಗೆ ಅದೇ ಆಧಾರವಾಗುತ್ತದೆ. ಇಷ್ಟು ಸಣ್ಣ ತಳಿಗೆ ಅದು ದೊಡ್ಡ ಪೆಟ್ಟು.

ಹಾಗಾಗಿ ಒಂದೆರಡು ತಾಯಿ-ಕರು ಜೋಡಿಗಳನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಇಟ್ಟುಕೊಳ್ಳುತ್ತೇವೆ. ಕರುವಿನಲ್ಲಿ ತಾಯಿಯ ಒಂದು ಆಲೀಲ್ ಇರಲೇಬೇಕು. ತಾಯಿಗೆ ಬರೀ 'ಅ' ಆಲೀಲ್, ಕರುವಿಗೆ ಬರೀ 'ಆ' ಬಂದರೆ ಮೊದಲು ಟ್ಯೂಬಿನ ಚೀಟಿ ನೋಡುವುದು. ಚೀಟಿ ಸರಿಯಿದ್ದರೆ ಅನೀಲಿಂಗ್ ತಾಪವನ್ನು (ಪ್ರೈಮರ್ ಡಿಎನ್‌ಎಗೆ ಅಂಟುವ ತಾಪ) 58 ಡಿಗ್ರಿಯಿಂದ 54ಕ್ಕೆ ಇಳಿಸಿ ಮತ್ತೆ ಓಡಿಸುವುದು. ಅಡಗಿದ್ದ ಆಲೀಲ್ ಆಗಲೂ ಏಳದಿದ್ದರೆ ಪ್ರೈಮರನ್ನೇ ಬೇರೆ ಜಾಗಕ್ಕೆ ಬರೆಸಬೇಕು, ಇಲ್ಲವೇ ಆ ಗುರುತನ್ನು ಲೆಕ್ಕದಿಂದ ಬಿಡಬೇಕು.