ಮಗಳು ಎದೆಗೆ ಬಾರದ ಆ ಮೂರು ದಿನ

ಶುಕ್ರವಾರ ಸಂಜೆ. ಆಫೀಸಿನಿಂದ ಬಂದು, ಕೈಕಾಲು ತೊಳೆದು, ಎಂದಿನಂತೆ ಕಿಟಕಿ ಪಕ್ಕದ ಚಾಪೆ ಮೇಲೆ ಕೂತು ಪುಟ್ಟಿಗೆ ಹಾಲು ಕೊಡುತ್ತಿದ್ದೆ. ಅವಳಿಗೆ ಆಗ 9 ತಿಂಗಳು. ಕೆಳಗೆ ಎರಡು ಹಲ್ಲು ಬಂದಿದ್ದವು. ಮೇಲಿನ ಒಸಡು ಊದಿಕೊಂಡು, ಒಳಗಿನ ಹಲ್ಲು ಬಿಳಿಯಾಗಿ ಕಾಣುತ್ತಿತ್ತು. ಹೊಟ್ಟೆ ತುಂಬುತ್ತಾ ಬಂದು ಅವಳು ಚೀಪುವುದು ನಿಧಾನವಾಗಿತ್ತು. ನನ್ನ ಗಮನ ಎಲ್ಲೋ ಇತ್ತು. ಇದ್ದಕ್ಕಿದ್ದಂತೆ ಕಚ್ಚಿಬಿಟ್ಟಳು.

‘ಅಯ್ಯೋ ಅಮ್ಮಾ’ ಅಂತ ಕಿರುಚಿದೆ. ನನ್ನ ಬಾಯಿಂದ ಅಂಥ ದನಿಯನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಕೆಳತುಟಿ ನಡುಗಿತು. ಒಂದು ಕ್ಷಣ ಉಸಿರು ಕಟ್ಟಿ, ಆಮೇಲೆ ಜೋರಾಗಿ ಅತ್ತಳು. ಎತ್ತಿಕೊಂಡು ಸಮಾಧಾನ ಮಾಡಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ರಾತ್ರಿ ಮಲಗಿಸುವಾಗ ಎದೆಗೆ ಹಾಕಿಕೊಂಡರೆ ಬೆನ್ನು ಹಿಂದಕ್ಕೆ ಸೆಟೆಸಿ, ಎರಡೂ ಕೈಯಿಂದ ನನ್ನನ್ನು ದೂಡಿದಳು. ಈ ಕಡೆ ಬೇಡ ಅಂತ ಆ ಕಡೆ ಕೊಟ್ಟೆ. ಅದೂ ಬೇಡ. ನಡುರಾತ್ರಿ ಎದ್ದಾಗಲೂ ಅಷ್ಟೇ. ಹಸಿವಾಗಿ ಅಳುತ್ತಿದ್ದಾಳೆ, ಹಾಲು ಬಾಯಿ ಹತ್ತಿರವೇ ಇದೆ, ಆದರೂ ಮುಖ ತಿರುಗಿಸುತ್ತಾಳೆ. ಬೆಳಗಿನ ಜಾವಕ್ಕೆ ನನ್ನ ಎದೆ ಕಟ್ಟಿಕೊಂಡು ಕಲ್ಲಾಗಿತ್ತು. ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಬಚ್ಚಲಿಗೆ ಹೋಗಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟುಕೊಂಡು, ಕೈಯಲ್ಲೇ ಹಿಂಡಿ ಹಾಲು ತೆಗೆದೆ. ಅದನ್ನು ಸ್ಟೀಲ್ ಬಟ್ಟಲಿಗೆ ಹಿಡಿಯುತ್ತಾ ಅಳು ಬಂತು. ಯಾರಿಗಾಗಿ ಬರುತ್ತಿದೆಯೋ ಅವಳಿಗೇ ಬೇಡವಾಗಿದೆಯಲ್ಲ ಅಂತ.

ಶನಿವಾರ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದರು. ಆಮೇಲೆ ಮೆಲ್ಲಗೆ, ‘ಒಂಬತ್ತು ತಿಂಗಳಾಯ್ತಲ್ಲಮ್ಮ, ತಾನಾಗೇ ಬಿಡ್ತಿದಾಳೆ ಅಂದ್ರೆ ಒಳ್ಳೇದೇ ಅಲ್ವಾ? ನೀನೂ ಕೆಲಸಕ್ಕೆ ಹೋಗ್ತೀಯ. ಹಸುವಿನ ಹಾಲು ಶುರು ಮಾಡೋಣ’ ಅಂದರು. ನನ್ನ ಮೇಲಿನ ಕಾಳಜಿಯಿಂದಲೇ ಅಂದಿದ್ದು. ಊರಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಇನ್ನೂ ಚುಚ್ಚಿತು: ‘ಬೇವು ಗೀವು ಹಚ್ಚಿದ್ಯೇನೆ?’ ನಮ್ಮ ಕಡೆ ಹಾಲು ಬಿಡಿಸಲು ಮೊಲೆಗೆ ಬೇವಿನ ಸೊಪ್ಪು ಅರೆದು ಹಚ್ಚುವುದುಂಟು. ನಾನೇ ಬಿಡಿಸಲು ಹೊರಟಿದ್ದೇನೆ ಅಂದುಕೊಂಡಿದ್ದಳು ಅಮ್ಮ.

ಆ ದಿನ ನಾನು ಮಾಡಿದ ಒಂದು ಕೆಲಸ ನೆನೆದರೆ ಈಗಲೂ ಹೊಟ್ಟೆ ಕಿವುಚಿದಂತಾಗುತ್ತದೆ. ಮಧ್ಯಾಹ್ನ ಅವಳ ತಲೆಯ ಹಿಂದೆ ಕೈಯಿಟ್ಟು ಎದೆಗೆ ಒತ್ತಿ ಹಿಡಿದೆ. ಒಮ್ಮೆ ಬಾಯಿಗೆ ಹೋದರೆ ನೆನಪಾಗುತ್ತದೆ, ಕುಡಿಯುತ್ತಾಳೆ ಅನ್ನುವ ಹಟ ನನಗೆ. ಅವಳು ಬೆವರಿ, ಕೆಮ್ಮಿ, ಉಸಿರು ಸಿಗದ ಹಾಗೆ ಅತ್ತಳು. ಅದಾದ ಮೇಲೆ ನಾನು ಆ ಚಾಪೆ ಮೇಲೆ ಕೂತರೆ ಸಾಕು, ಅಳು ಶುರು.

ಸಂಜೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಿವಿ ನೋವಿದ್ದರೆ ಚೀಪುವಾಗ ನೋವು ಜಾಸ್ತಿಯಾಗುತ್ತದಂತೆ. ಮೂಗು ಕಟ್ಟಿದೆಯಾ ಅಂತ ನೋಡಿದರು. ಮೂಗು ಕಟ್ಟಿದರೆ ಕುಡಿಯುತ್ತಾ ಉಸಿರಾಡಲು ಆಗುವುದಿಲ್ಲ. ನಾಲಿಗೆ, ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆಯಾ ಅಂತಲೂ ನೋಡಿದರು. ಏನೂ ಇರಲಿಲ್ಲ. ಸೋಪು, ಪೌಡರ್ ಬದಲಾಯಿಸಿದಿರಾ, ಹೊಸ ಮಾತ್ರೆ ಏನಾದರೂ, ಮನೆಯಲ್ಲಿ ಏನಾದರೂ ಬದಲಾವಣೆ ಅಂತ ಕೇಳಿದರು. ನಾನು ಕೆಲಸಕ್ಕೆ ಮರಳಿ ಒಂದು ತಿಂಗಳಾಗಿತ್ತು. ಕಚ್ಚಿದ್ದು, ಕಿರುಚಿದ್ದು ಎರಡನ್ನೂ ಹೇಳಿದೆ.

ಡಾಕ್ಟರು, ‘ಇದಕ್ಕೆ ನರ್ಸಿಂಗ್ ಸ್ಟ್ರೈಕ್ ಅಂತಾರಮ್ಮ’ ಅಂದರು. ಒಂದು ವರ್ಷದೊಳಗಿನ ಮಗು ಹೀಗೆ ಒಂದೇ ದಿನಕ್ಕೆ ತಾನಾಗಿ ಹಾಲು ಬಿಡುವುದು ತೀರಾ ಅಪರೂಪ. ಬಿಡುವ ಮಗು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತದೆ. ಇದು ಹಾಗಲ್ಲ, ಹೆದರಿದೆ, ಒಸಡೂ ನೋಯುತ್ತಿದೆ. ಹೆಚ್ಚಿನ ಮಕ್ಕಳು 2ರಿಂದ 4 ದಿನದಲ್ಲಿ ಸರಿಹೋಗುತ್ತಾರೆ, ಕೆಲವರು 10 ದಿನವೂ ತೆಗೆದುಕೊಳ್ಳುತ್ತಾರೆ. ವರ್ಷ ತುಂಬುವ ಮುಂಚೆ ಹಸುವಿನ ಹಾಲನ್ನು ಎದೆಹಾಲಿನ ಬದಲಿಗೆ ಕೊಡಬೇಡಿ, ಅದರಲ್ಲಿ ಕಬ್ಬಿಣದಂಶ ಬಹಳ ಕಡಿಮೆ ಅಂದರು. ಒತ್ತಾಯ ಮಾಡಿದ್ದನ್ನು ಹೇಳಿದಾಗ ಮಾತ್ರ ಅವರ ದನಿ ಸ್ವಲ್ಪ ಗಟ್ಟಿಯಾಯಿತು. ‘ಅಮ್ಮನ ಎದೆ ಅವಳಿಗೆ ಜಗಳದ ಜಾಗ ಆಗಬಾರದು.’

ಬರುವಾಗ ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿತ್ತು.

ಭಾನುವಾರ ಎದೆಗೆ ಹಾಕಿಕೊಳ್ಳುವ ಪ್ರಯತ್ನವನ್ನೇ ಬಿಟ್ಟೆ. ಮೂರು ಮೂರು ಗಂಟೆಗೆ, ಅವಳು ಕುಡಿಯುವ ಹೊತ್ತಿಗೇ, ಹಾಲು ಹಿಂಡಿದೆ. ಹಿಂಡದಿದ್ದರೆ ಎದೆ ಕಟ್ಟಿ ಜ್ವರ ಬರಬಹುದು, ಹಾಲೂ ಇಳಿದುಹೋಗುತ್ತದೆ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಬಾಟಲಿ ಬೇಡ ಅಂದುಕೊಂಡೆ, ಅದರ ಸುಲಭಕ್ಕೆ ಒಗ್ಗಿಬಿಟ್ಟರೆ ಅನ್ನುವ ಭಯ. ಆಗ ಅತ್ತೆ ಅಟ್ಟದಿಂದ ಬೆಳ್ಳಿ ಒಳಲೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಕುದಿಯುವ ನೀರಲ್ಲಿ ಅದ್ದಿ ತಂದರು. ನಮ್ಮವರು ಕುಡಿದು ಬೆಳೆದ ಒಳಲೆ. ಹಸುವಿನ ಹಾಲಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಪುಟ್ಟಿಯನ್ನು ತೊಡೆ ಮೇಲೆ ಕೂರಿಸಿಕೊಂಡು, ಒಳಲೆಯ ತುದಿಯನ್ನು ತುಟಿಗೆ ತಾಗಿಸಿ, ಗುಟುಕು ಗುಟುಕಾಗಿ ನನ್ನ ಹಾಲು ಕುಡಿಸಿದರು. ರಾಗಿ ಸರಿಗೂ ಅದನ್ನೇ ಬೆರೆಸಿದೆವು. ಉಚ್ಚೆ ಎಷ್ಟು ಸಲ ಅಂತ ನಾನು ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಿದ್ದೆ. ರಾತ್ರಿ ಹೊತ್ತಿಗೆ ಆರಾಗಿತ್ತು. ಆ ಆರು ಗೀಟು ನೋಡಿಯೇ ನನಗೆ ಊಟ ಸೇರಿದ್ದು.

ಉಳಿದ ಹೊತ್ತೆಲ್ಲಾ ಅವಳನ್ನು ಮೈಗೆ ಮೈ ಹತ್ತಿಸಿಕೊಂಡೇ ಇದ್ದೆ. ಒದ್ದೆ ಬಟ್ಟೆಯ ತುದಿಯನ್ನು ಫ್ರಿಜ್ಜಿನಲ್ಲಿಟ್ಟು ಕಚ್ಚಲು ಕೊಟ್ಟೆ, ಒಸಡಿಗೆ ಹಿತವಾಯಿತು. ಎಣ್ಣೆ ಹಚ್ಚಿ ಇಬ್ಬರೂ ಒಟ್ಟಿಗೆ ಸ್ನಾನ ಮಾಡಿದೆವು. ಆಮೇಲೆ ಬಾಗಿಲು ಹಾಕಿ, ರವಿಕೆಯಿಲ್ಲದೆ ಸೀರೆ ಹೊದ್ದು, ಅವಳನ್ನು ಎದೆ ಮೇಲೆ ಮಲಗಿಸಿಕೊಂಡೆ. ಏನೂ ಕೊಡಲಿಲ್ಲ, ಏನೂ ಕೇಳಲಿಲ್ಲ. ಅವಳು ನನ್ನ ತಾಳಿ ಹಿಡಿದು ಆಡುತ್ತಾ ಆಡುತ್ತಾ ನಿದ್ದೆ ಹೋದಳು. ಎರಡು ದಿನದಲ್ಲಿ ಮೊದಲ ಸಲ ಅವಳ ಮೈ ನನ್ನ ಮೇಲೆ ಸಡಿಲವಾಗಿತ್ತು.

ಸೋಮವಾರ ಬೆಳಗ್ಗೆ ನಾಲ್ಕೂವರೆ. ಜೋಲಿಯಲ್ಲಿ ಮಿಸುಕಾಡಿದಳು. ದೀಪ ಹಾಕಲಿಲ್ಲ. ಪೂರ್ತಿ ಎಚ್ಚರವಾಗುವ ಮುಂಚೆ ಎತ್ತಿಕೊಂಡು, ಕೂರದೆ, ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಒಂದೆರಡು ಹನಿ ಹಾಲು ಹಿಂಡಿ ಅವಳ ತುಟಿಗೆ ಸವರಿದೆ. ನಾಲಿಗೆ ಹೊರಗೆ ಬಂತು. ನೆಕ್ಕಿದಳು. ನಾನು ನಡೆಯುತ್ತಲೇ ಇದ್ದೆ. ಮುಖವನ್ನು ತಾನೇ ತಿರುಗಿಸಿ, ಬಾಯಿ ಅಗಲಿಸಿ ಹಿಡಿದುಕೊಂಡಳು. ಎದೆಯಲ್ಲಿ ಜುಮ್ಮೆಂದು ಹಾಲು ಇಳಿಯಿತು. ಕತ್ತಲಲ್ಲಿ ಅವಳು ಗಟಗಟ ನುಂಗುವ ಸದ್ದು. ಎಲ್ಲಿ ನಿಂತರೆ ಬಿಟ್ಟುಬಿಡುತ್ತಾಳೋ ಅಂತ ಕಾಲು ನೋಯುವವರೆಗೂ ನಡೆದೆ.

ಅವತ್ತು ರಜೆ ಹಾಕಿದೆ. ಹಗಲಲ್ಲಿ ಎರಡು ಸಲ ಮತ್ತೆ ಬೇಡ ಅಂದಳು. ಸುಮ್ನೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ನುಗ್ಗೆ ಮರದ ಅಳಿಲು ತೋರಿಸಿದೆ. ರಾತ್ರಿ ಹೊತ್ತಿಗೆ ನಿದ್ದೆಗಣ್ಣಲ್ಲಿ ಮತ್ತೆ ಕುಡಿದಳು. ಬುಧವಾರದ ಹೊತ್ತಿಗೆ ಹಗಲಿನಲ್ಲೂ, ಅದೇ ಚಾಪೆಯ ಮೇಲೆ.

ಮುಂದಿನ ವಾರ ಮೇಲಿನ ಹಲ್ಲು ಹೊರಬಂತು. ಮತ್ತೊಮ್ಮೆ ಕಚ್ಚಿದಳು. ಈ ಸಲ ಅವಳು ಚೀಪುವುದು ನಿಧಾನವಾದದ್ದನ್ನು ಗಮನಿಸುತ್ತಲೇ ಇದ್ದೆ, ಆದರೂ ತಪ್ಪಲಿಲ್ಲ. ಕಣ್ಣಲ್ಲಿ ನೀರು ಬಂತು. ಹಲ್ಲು ಕಚ್ಚಿಕೊಂಡು ಕಿರುಬೆರಳನ್ನು ಅವಳ ಬಾಯಿಯ ಮೂಲೆಗೆ ತೂರಿಸಿ, ಮೆಲ್ಲಗೆ ಬಿಡಿಸಿದೆ. ‘ಬೇಡ ಪುಟ್ಟಾ, ಅಮ್ಮಂಗೆ ನೋವಾಗುತ್ತೆ’ ಅಂದೆ, ಅಷ್ಟೇ. ಅವಳು ನನ್ನ ಮುಖವನ್ನೇ ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಇನ್ನೊಂದು ಕಡೆಗೆ ತಿರುಗಿ, ಸೆರಗು ಎಳೆದಳು.