ಮುಸ್ಸಂಜೆಯ ಬಿಳಿ ಚುಕ್ಕೆಗಳು

ಸಂಜೆ ಕೆರೆ ದಂಡೆಯಲ್ಲಿ ಸುಮ್ನೆ ಕೂತಿದ್ದೆ. ಹೊತ್ತು ಮುಳುಗಿತ್ತು. ನೀರಿನ ಮೇಲೆ ಜೋಡಿ ಬಿಳಿ ಚುಕ್ಕೆಗಳು ಸರ್ರನೆ ಅತ್ತಿಂದಿತ್ತ ಓಡಾಡುತ್ತಿದ್ದವು. ಮೈ ಕಾಣಿಸುತ್ತಿಲ್ಲ, ಚುಕ್ಕೆ ಮಾತ್ರ! ಮಿಂಚುಹುಳ ಅಂದುಕೊಂಡೆ. ಅಲ್ಲ, ಅದು ಏರೋಪ್ಲೇನ್ ಚಿಟ್ಟೆ.

ಹೆಸರು ಥೋಲಿಮಿಸ್ ಟಿಲ್ಲಾರ್ಗಾ. ಇಂಗ್ಲಿಷಿನಲ್ಲಿ ಕೋರಲ್ ಟೇಲ್ಡ್ ಕ್ಲೌಡ್‌ವಿಂಗ್ ಅಂತಾರೆ. ಎಷ್ಟು ಚಂದದ ಹೆಸರು ಅಲ್ವಾ? ಗಂಡಿನ ಬಾಲದಂಥ ಉದ್ದ ಹೊಟ್ಟೆ ಹವಳದ ಕೆಂಪು. ಹಿಂದಿನ ರೆಕ್ಕೆಗಳಲ್ಲಿ ಒಂದೊಂದು ಕಂದು ಮಚ್ಚೆ, ಅದಕ್ಕೆ ಅಂಟಿಕೊಂಡೇ ಮೋಡದ ಚೂರಿನಂಥ ಬಿಳಿ ಮಚ್ಚೆ. ನಾನು ಕಂಡದ್ದು ಆ ಬಿಳಿಯನ್ನೇ. ಹೆಣ್ಣು ಮಾಸಲು ಕಂದು, ಅದಕ್ಕೆ ಈ ಬಿಳಿ ಇಲ್ಲ. ಹಾಗಾಗಿ ಕತ್ತಲಲ್ಲಿ ಅದು ಪಕ್ಕದಲ್ಲೇ ಹಾರಿದರೂ ಗೊತ್ತಾಗಲ್ಲ.

ಕೆರೆ, ಕುಂಟೆ, ಜೌಗು, ನಿಂತ ನೀರು ಇದ್ದಲ್ಲಿ ಇದು ಇರುತ್ತದೆ. ಆಫ್ರಿಕಾದಿಂದ ಏಷ್ಯಾ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳವರೆಗೂ ಹಬ್ಬಿದೆ. ಆದರೂ ಜಾಸ್ತಿ ಜನರ ಕಣ್ಣಿಗೆ ಬೀಳುವುದಿಲ್ಲ. ಬೇರೆ ಏರೋಪ್ಲೇನ್ ಚಿಟ್ಟೆಗಳು ಬಿಸಿಲಲ್ಲಿ ಮೆರೆಯುವಾಗ ಇದು ಪೊದೆಯ ನೆರಳಲ್ಲಿ ಕಡ್ಡಿಗೆ ಜೋತುಬಿದ್ದಿರುತ್ತದೆ. ಮೋಡ ಕವಿದ ದಿನ ಮಾತ್ರ ಹಗಲಲ್ಲೂ ಹೊರಬರುತ್ತದೆ. ಸಂಜೆಗೆ ಸಣ್ಣ ಹುಳಗಳ ಬೇಟೆ.

ನನಗೂ ಬೆಳಗ್ಗೆ ಏಳುವುದೆಂದರೆ ಆಗಲ್ಲ. ಇದರ ಮೇಲೆ ಪ್ರೀತಿ ಬಂದದ್ದು ಅದಕ್ಕೇ ಇರಬೇಕು. ಫೋಟೋ ತೆಗೆಯಲು ಹತ್ತಾರು ಸಲ ನೋಡಿದೆ. ಎಲ್ಲದರಲ್ಲೂ ಬರೀ ಕತ್ತಲು, ಒಂದರಲ್ಲಿ ನನ್ನ ಹೆಬ್ಬೆರಳು.